ಸಹಾಯ ಬೇಕು: ಹಳೇ ಫಿಶಿಂಗ್ ರಾಡಿನ ಕಾರ್ಕ್ ಹಿಡಿ ಉಳಿಸಿಕೊಳ್ಳೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ ಕಾವೇರಿಯಲ್ಲಿ ವರ್ಷಗಟ್ಟಲೆ ಬಳಸಿದ ರಾಡ್ ಈಗ ನನ್ನ ಹತ್ರ ಇದೆ. ರಾಡ್ ಗಟ್ಟಿಯಾಗೇ ಇದೆ. ಹಿಡಿ ಮಾತ್ರ ಬೆವರು, ಮೀನಿನ ಲೋಳೆ ಕೂತು ಕಪ್ಪಾಗಿದೆ. ಹೆಬ್ಬೆರಳು ಕೂರೋ ಜಾಗದಲ್ಲಿ ಸಣ್ಣ ಸಣ್ಣ ಗುಳಿ, ಉಗುರು ತಾಗಿದ್ರೆ ಕಂದು ಪುಡಿ ಉದುರುತ್ತೆ.

ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಸ್ವಲ್ಪ ಹಾಕಿ, ಮೆತ್ತನೆ ಬ್ರಷ್‌ನಲ್ಲಿ ಉಜ್ಜಿದೆ. ಅರ್ಧ ಕೊಳೆ ಬಿಡ್ತು. ಬ್ಲೀಚ್ ಹಾಕು ಅಂತಾರೆ, ನನಗೆ ಮನಸ್ಸಿಲ್ಲ. ಕಾರ್ಕ್ ಅಂದ್ರೆ ಓಕ್ ಜಾತಿಯ ಮರದ ತೊಗಟೆ, ಅಷ್ಟು ಖಾರದ ಕೆಮಿಕಲ್ ತಡೆಯಲ್ಲ. 400 ನಂಬರ್ ಸ್ಯಾಂಡ್‌ಪೇಪರ್‌ನಲ್ಲಿ ಹಗುರವಾಗಿ ತಿಕ್ಕಬಹುದು, ಆದ್ರೆ ತಿಕ್ಕಿದಷ್ಟೂ ಹಿಡಿ ಸವೆಯುತ್ತೆ. ದೊಡ್ಡಪ್ಪನ ಕೈ ಕೂತ ಆ ಆಕಾರ ಹೋಗಬಾರದು ಅನ್ನೋದೇ ನನ್ನ ಆಸೆ.

ಕಾರ್ಕ್ ಪುಡಿಗೆ ನೀರು ತಡೆಯೋ ಮರದ ಅಂಟು ಕಲಸಿ ಗುಳಿ ತುಂಬಿದವರು ಯಾರಾದ್ರೂ ಇದ್ದೀರಾ? ಒಣಗಿದ ಮೇಲೆ ಬಣ್ಣ ಬೇರೆ ಕಾಣುತ್ತಾ? ಮೇಲೆ ಹಚ್ಚೋ ಕಾರ್ಕ್ ಸೀಲರ್ ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ? ವಾರ್ನಿಶ್ ಬೇಡ, ಒದ್ದೆ ಕೈಯಲ್ಲಿ ಜಾರುತ್ತೆ. ರಿಪೇರಿ ಮಾಡಿಕೊಡೋರು ಸಿಟಿಯಲ್ಲಿ ಇದ್ರೆ ದಯವಿಟ್ಟು ತಿಳಿಸಿ, ಮಳೆಗಾಲಕ್ಕೆ ಮುಂಚೆ ಮುಗಿಸಬೇಕು.