ಮನೆಯಲ್ಲೇ ಪೋಲ್ ಡ್ಯಾನ್ಸ್ ಅಭ್ಯಾಸ: ಫಿಸಿಯೋಥೆರಪಿಸ್ಟ್ ಜೊತೆ ಪ್ರಶ್ನೋತ್ತರ

ನಿರ್ವಾಹಕಿ: ಇಂದು ಸಂಜೆ ಏಳರಿಂದ ಒಂಬತ್ತರವರೆಗೆ ನಮ್ಮ ಗುಂಪಿನ ಫಿಸಿಯೋಥೆರಪಿಸ್ಟ್ ಡಾಕ್ಟರ್ ಉತ್ತರಿಸುತ್ತಾರೆ. ಸ್ವತಃ ಪೋಲ್ ಅಭ್ಯಾಸ ಮಾಡುವವರು. ಊರಿನ ಹೆಸರು ಬರೆದರೆ ಸಾಕು. ಒಬ್ಬರಿಗೆ ಒಂದೇ ಪ್ರಶ್ನೆ.

ಕದ್ರಿ: ನಮಸ್ಕಾರ ಡಾಕ್ಟರೇ. ಕಚೇರಿ ಮುಗಿಸಿ ಬಂದು ಕಂಬ ಹತ್ತುವ ಹುರುಪು ಒಂದು ವಾರ ಇದ್ದರೆ ಮುಂದಿನ ವಾರ ಇರುವುದಿಲ್ಲ. ವೇಳಾಪಟ್ಟಿ ಹೇಗೆ ಹಾಕಿಕೊಳ್ಳಲಿ?

ಡಾಕ್ಟರ್: ನಮಸ್ಕಾರ. ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದೊಂದು ದಿನ ಬಿಡುವು ಇರಲಿ. ಸೋಮವಾರ ಹೊಸದನ್ನು ಕಲಿಯಿರಿ, ಬುಧವಾರ ಗೊತ್ತಿರುವುದನ್ನು ತಿದ್ದಿಕೊಳ್ಳಿ, ಶುಕ್ರವಾರ ಹಾಡು ಹಾಕಿಕೊಂಡು ನೆಲ ಬಿಡದೆ ಕುಣಿಯಿರಿ. ಒಂದು ಗಂಟೆಯಲ್ಲಿ ಮೊದಲ 15 ನಿಮಿಷ ಮೈ ಬಿಸಿ ಮಾಡಲು, ಕೊನೆಯ 10 ನಿಮಿಷ ಸಡಿಲಿಸಲು. ಬಲವಿಲ್ಲದ ಬದಿಯಿಂದಲೇ ಶುರು ಮಾಡಿ. ಎಡಬದಿಯನ್ನು ಆಮೇಲೆ ನೋಡೋಣ ಎಂದು ಬಿಟ್ಟರೆ ಆ ಸರದಿ ಬರುವುದೇ ಇಲ್ಲ. ಪೋಲ್‌ನಲ್ಲಿ ಎಳೆಯುವ ಕೆಲಸವೇ ಹೆಚ್ಚು, ಆದ್ದರಿಂದ ಬಿಡುವಿನ ದಿನ ಗೋಡೆಗೆ ಕೈಯೂರಿ ದಂಡ ತೆಗೆಯಿರಿ. ಹುರುಪಿಲ್ಲದ ದಿನ ಮೈ ಬಿಸಿ ಮಾಡಿ ಅಲ್ಲಿಗೇ ನಿಲ್ಲಿಸಿ. ಅದೂ ಲೆಕ್ಕಕ್ಕೆ ಬರುತ್ತದೆ.

ಕುಂಜಿಬೆಟ್ಟು: ನಮ್ಮದು ಹಂಚಿನ ಮನೆ, ಕೆಳಗೆ ಮರದ ಮುಚ್ಚಿಗೆ. ನೆಲಕ್ಕೂ ಮುಚ್ಚಿಗೆಗೂ ನಡುವೆ ಒತ್ತಡದಲ್ಲಿ ನಿಲ್ಲುವ ಕಂಬ ಹಾಕಬಹುದೇ? ಎಷ್ಟು ದಪ್ಪದ್ದು ಒಳ್ಳೆಯದು?

ಡಾಕ್ಟರ್: ಖಂಡಿತ ಬೇಡ. ಮುಚ್ಚಿಗೆಯೂ ಜಿಪ್ಸಂ ಸೀಲಿಂಗೂ ಆ ಒತ್ತಡ ತಾಳುವುದಿಲ್ಲ, ಮೇಲೆ ಗಟ್ಟಿ ಕಾಂಕ್ರೀಟ್ ಬೇಕು. ಇಲ್ಲವಾದರೆ ಅಗಲವಾದ ವೇದಿಕೆಯ ಮೇಲೆ ತಾನೇ ನಿಲ್ಲುವ ಕಂಬ ತನ್ನಿ. 45 ಮಿಲಿಮೀಟರ್ ಸಾಮಾನ್ಯ ಅಳತೆ, ಅಂಗೈ ಚಿಕ್ಕದಿದ್ದರೆ 40. ಪ್ರತಿ ಸಲ ಹತ್ತುವ ಮೊದಲು ಕಂಬವನ್ನು ಅಲುಗಾಡಿಸಿ ನೋಡಿ.

ಉರ್ವ: ಮಳೆ ಹಿಡಿದ ದಿನ ಕೈ ಜಾರುತ್ತದೆ ಮೇಡಂ.

ಡಾಕ್ಟರ್: ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಕಂಬ ಒರೆಸಿ, ಪೂರ್ತಿ ಆರಲಿ. ಅಂಗೈಗೆ ದ್ರವರೂಪದ ಚಾಕ್ ಹಚ್ಚಿ. ಅಭ್ಯಾಸದ ದಿನ ಮೈಗೆ ತೆಂಗಿನೆಣ್ಣೆ, ಲೋಷನ್ ಯಾವುದೂ ಬೇಡ. ಆದರೂ ಜಾರಿದರೆ ಅಂದು ತಲೆಕೆಳಗಾಗುವ ಭಂಗಿ ಬಿಡಿ.

ಬಂಟ್ವಾಳ: ಒಂದು ಉಪಯುಕ್ತ ಸಂದೇಶ ಬಂದಿದೆ. ಮಲ್ಲಕಂಬಕ್ಕೆ ಹರಳೆಣ್ಣೆ ಸವರುತ್ತಾರಂತೆ, ಚರ್ಮಕ್ಕೂ ಒಳ್ಳೆಯದಂತೆ. ನೀವೂ ಕಂಬಕ್ಕೆ ಸವರಿ ನೋಡಿ.

ಡಾಕ್ಟರ್: ಯಾರೂ ಸವರಬೇಡಿ. ಮಲ್ಲಕಂಬ ಮರದ್ದು, ಉಜ್ಜಾಟ ಕಡಿಮೆಯಾಗಲೆಂದು ಹರಳೆಣ್ಣೆ ಹಚ್ಚುತ್ತಾರೆ. ಲೋಹದ ಕಂಬಕ್ಕೆ ಹಚ್ಚಿದರೆ ತಲೆ ನೆಲಕ್ಕೆ ಬಡಿಯುತ್ತದೆ. ಸಂದೇಶ ಮುಂದೆ ಕಳುಹಿಸುವ ಮೊದಲು ಒಮ್ಮೆ ಓದಿ.

ಬಂಟ್ವಾಳ: ನಮ್ಮದೇ ಮಲ್ಲಕಂಬ ಇರುವಾಗ ಕ್ಲಬ್ಬಿನ ಕುಣಿತ ಮನೆಯೊಳಗೆ ಯಾಕೆ? ಹಿರಿಯರಿರುವ ಮನೆಗೆ ಇದು ಶೋಭೆಯೇ?

ಕದ್ರಿ: ನಮ್ಮ ಮನೆಯ ಶೋಭೆ ನಾವು ನೋಡಿಕೊಳ್ಳುತ್ತೇವೆ ಮಾರಾಯರೇ. ನನ್ನ ಅಮ್ಮನೇ ಎದುರು ಕುಳಿತು ಮ್ಯಾಟ್ ಸರಿಮಾಡುತ್ತಾರೆ.

ಮಣಿಪಾಲ: ಮಲ್ಲಕಂಬದಲ್ಲಿ ಹುಡುಗಿಯರು ಮೇಲೇರಿದರೆ ಚಪ್ಪಾಳೆ, ಇಲ್ಲಿ ಏರಿದರೆ ಶೋಭೆಯ ಪಾಠ.

ಮಲ್ಪೆ: ಹೆರಿಗೆಯಾಗಿ ಐದು ತಿಂಗಳಾಯಿತು. ಮತ್ತೆ ಯಾವಾಗ ಶುರು ಮಾಡಬಹುದು ಡಾಕ್ಟರೇ?

ಸುರತ್ಕಲ್: ಡಾಕ್ಟರೇ, ಮೂರು ವಾರಗಳಿಂದ ಒಂದು ದಿನವೂ ಬಿಡದೆ ಬಲಬದಿಯಲ್ಲೇ ಇನ್ವರ್ಟ್, ಅಂದರೆ ತಲೆಕೆಳಗಾಗುವ ಭಂಗಿ, ಮಾಡುತ್ತಿದ್ದೆ. ಮೊನ್ನೆಯಿಂದ ಬಲಗೈ ಭಾರ, ತೋಳೆಲ್ಲ ಬಾತಿದೆ. ಬಳೆ ಮಣಿಕಟ್ಟಿನಲ್ಲಿ ಅಚ್ಚೊತ್ತಿದೆ, ಸೋಪು ಹಚ್ಚಿದರೂ ಇಳಿಯುತ್ತಿಲ್ಲ. ಸ್ನಾಯು ಹಿಡಿದಿರಬೇಕು ಎಂದು ಅತ್ತೆ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುತ್ತೇನೆ ಎನ್ನುತ್ತಿದ್ದಾರೆ.

ಡಾಕ್ಟರ್: ತಿಕ್ಕಬೇಡಿ. ಕೈಯ ಬಣ್ಣ ಬದಲಾಗಿದೆಯೇ? ಭುಜದ ಮುಂದೆ, ಎದೆಯ ಮೇಲೆ ನರಗಳು ಎದ್ದು ಕಾಣುತ್ತವೆಯೇ? ಉಸಿರಾಟ ಹೇಗಿದೆ?

ಸುರತ್ಕಲ್: ಕೈ ನೀಲಿ ಛಾಯೆ. ನರಗಳು ಕಾಣುತ್ತವೆ. ಉಸಿರು ಸರಿ ಇದೆ.

ಡಾಕ್ಟರ್: ಈಗಲೇ ಹೊರಡಿ, ಬೆಳಗಿನವರೆಗೆ ಕಾಯಬೇಡಿ. ಕೊರಳೆಲುಬಿಗೂ ಮೊದಲ ಪಕ್ಕೆಲುಬಿಗೂ ನಡುವಿನ ಇಕ್ಕಟ್ಟಿನಲ್ಲಿ ತೋಳಿನ ದೊಡ್ಡ ಅಭಿಧಮನಿ ಹಾದುಹೋಗುತ್ತದೆ. ಕೈ ಮೇಲೆತ್ತಿ ಮತ್ತೆ ಮತ್ತೆ ಜಗ್ಗಿದಾಗ ಅದು ಅಲ್ಲಿ ನಜ್ಜಿ ಒಳಗೆ ರಕ್ತ ಹೆಪ್ಪುಗಟ್ಟಬಹುದು. ಆರೋಗ್ಯವಂತ ಯುವಜನರಲ್ಲೂ ಆಗುತ್ತದೆ. ಪ್ಯಾಜೆಟ್-ಶ್ರೋಟರ್ ಎಂದು ಹೆಸರು. ನಿಮಗೆ ಅದೇ ಆಗಿದೆ ಎಂದು ಇಲ್ಲಿ ಕುಳಿತು ಹೇಳಲಾರೆ, ಆದರೆ ಅದಲ್ಲ ಎಂದು ಖಚಿತವಾಗುವವರೆಗೆ ನನಗೆ ಸಮಾಧಾನವಿಲ್ಲ. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ತುರ್ತು ವಿಭಾಗದಲ್ಲಿ ಮೂರು ವಾರಗಳ ಅಭ್ಯಾಸದ ವಿಷಯ ಮೊದಲು ಹೇಳಿ, ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಬೇಕೇ ಎಂದು ಕೇಳಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಸ್ಕೂಟರ್ ನೀವು ಓಡಿಸಬೇಡಿ. ಎದೆನೋವು, ಏದುಸಿರು ಬಂದರೆ 108ಕ್ಕೆ ಕರೆ ಮಾಡಿ.

ಬಂಟ್ವಾಳ: ಹೆದರಬೇಡಿ ತಂಗಿ. ಎಕ್ಕದ ಎಲೆಗೆ ಎಣ್ಣೆ ಸವರಿ, ಕಾಯಿಸಿ ಕಟ್ಟಿ ಚೆನ್ನಾಗಿ ನೀವಿದರೆ ಎಂಥ ಬಾವೂ ರಾತ್ರಿ ಬೆಳಗಾಗುವುದರೊಳಗೆ ಇಳಿಯುತ್ತದೆ. ಈಗಷ್ಟೇ ಬಂದ ಸಂದೇಶ.

ಡಾಕ್ಟರ್: ಇದನ್ನು ತಕ್ಷಣ ಅಳಿಸಿ. ಹೆಪ್ಪು ಇರಬಹುದಾದ ಕೈಯನ್ನು ನೀವಲು ಹೇಳುತ್ತಿದ್ದೀರಿ. ಆಕೆಗೆ ಏನಾದರೂ ಆದರೆ ಆ ಸಂದೇಶ ಬರೆದವನು ಉತ್ತರ ಕೊಡಲು ಬರುತ್ತಾನೆಯೇ?

ಬಂಟ್ವಾಳ: ಒಳ್ಳೆಯದಕ್ಕೆ ಹೇಳಿದರೆ ಹೀಗೆ ಮಾತನಾಡುವುದೇ? ನಮ್ಮ ಅಜ್ಜಿಯ ಕಾಲದಲ್ಲಿ ಸ್ಕ್ಯಾನ್ ಇತ್ತೇ?

ಮಣಿಪಾಲ: ಅಜ್ಜಿಯ ಕಾಲದಲ್ಲಿ ಕಾರಣ ತಿಳಿಯದೆ ಸತ್ತವರ ಲೆಕ್ಕ ಇಟ್ಟಿದ್ದೀರಾ?

ನಿರ್ವಾಹಕಿ: ಇಬ್ಬರೂ ನಿಲ್ಲಿಸಿ. ಎಕ್ಕದ ಎಲೆಯ ಸಂದೇಶ ತೆಗೆದಿದ್ದೇನೆ.

ಪಡುಬಿದ್ರಿ: ದಿನವೂ ಮಾಡಿದರೆ ಬೇಗ ಕಲಿಯಬಹುದಲ್ಲವೇ?

ಡಾಕ್ಟರ್: ಮೇಲೆ ಸುರತ್ಕಲ್‌ನವರು ಬರೆದದ್ದನ್ನು ಓದಿ.

ಕಾಪು: ತೊಡೆಯಲ್ಲಿ ನೀಲಿ ಕಲೆ ಬೀಳುತ್ತದೆ, ಸಹಜವೇ?

ಡಾಕ್ಟರ್: ಕಂಬ ಒತ್ತಿದ ಜಾಗದಲ್ಲಾದರೆ ಸಹಜ. ತಾನಾಗಿ ಬಿದ್ದರೆ ವೈದ್ಯರಿಗೆ ತೋರಿಸಿ.

ಸುರತ್ಕಲ್: ಆಸ್ಪತ್ರೆಗೆ ಬಂದಿದ್ದೇವೆ. ಡಾಪ್ಲರ್ ಬರೆದಿದ್ದಾರೆ. ಬಳೆಯನ್ನು ಇಲ್ಲಿಯ ನರ್ಸ್ ಕತ್ತರಿಸಿ ತೆಗೆದರು.

ಡಾಕ್ಟರ್: ಒಳ್ಳೆಯದಾಯಿತು. ವರದಿ ಬಂದ ಕೂಡಲೇ ನನಗೆ ಕರೆ ಮಾಡಿ, ಎಷ್ಟು ಹೊತ್ತಾದರೂ ಸರಿ. ವೈದ್ಯರು ಒಪ್ಪುವವರೆಗೆ ಕಂಬ ಮುಟ್ಟಬೇಡಿ.

ಪಣಂಬೂರು: 45 ತೆಗೆದುಕೊಳ್ಳಲೋ 40 ತೆಗೆದುಕೊಳ್ಳಲೋ?

ಡಾಕ್ಟರ್: ಬರೆದಾಗಿದೆ. ಮೇಲೆ ಓದಿ.