ಅಪ್‌ಡೇಟ್: ಬಾರ್ಬೆಕ್ಯೂ ಸಾಸ್ ಕೊನೆಗೂ ನಮ್ಮ ಬಾಯಿಗೆ ಒಗ್ಗಿತು

ಹೋದ ತಿಂಗಳು ಕೇಳಿದ್ದೆ: ಅಂಗಡಿಯಿಂದ ತಂದ ಬಾರ್ಬೆಕ್ಯೂ ಸಾಸ್ ಬರೀ ಸಿಹಿ, ಗ್ರಿಲ್ ಮೇಲಿನ ಚಿಕನ್‌ಗೆ ಹಚ್ಚಿದರೆ ಕರಕಲಾಗುತ್ತದೆ, ಏನು ಮಾಡಲಿ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಕೆಲಸ ಆಯಿತು.

ನಾನು ತರುತ್ತಿದ್ದದ್ದು ಅಮೆರಿಕದ ಕಾನ್ಸಾಸ್ ಸಿಟಿ ಶೈಲಿಯದು. ಟೊಮೆಟೊ, ಮೊಲಾಸಿಸ್ (ಕಾಕಂಬಿ), ಕಂದು ಸಕ್ಕರೆ ಹಾಕಿದ ದಪ್ಪ ಸಾಸ್. ನಾವಿರುವುದು ನಾರ್ತ್ ಕೆರೊಲಿನಾ ರಾಜ್ಯದ ರಾಲಿಯಲ್ಲಿ. ಇಲ್ಲಿ ಪೂರ್ವ ಭಾಗದ ಸಾಸ್‌ಗೆ ಟೊಮೆಟೊನೇ ಹಾಕುವುದಿಲ್ಲ. ವಿನೆಗರ್, ಮೆಣಸಿನಕಾಯಿ, ಉಪ್ಪು. ನಮ್ಮ ತಿಳಿಸಾರಿನ ಹಾಗೆ ತೆಳ್ಳಗೆ. ಇದೇ ರಾಜ್ಯದ ಲೆಕ್ಸಿಂಗ್ಟನ್ ಕಡೆ ಅದಕ್ಕೇ ಸ್ವಲ್ಪ ಕೆಚಪ್ ಸೇರಿಸುತ್ತಾರೆ. ಸೌತ್ ಕೆರೊಲಿನಾದ ಸಾಸಿವೆ ಸಾಸ್ ಕೂಡ ತಂದೆವು. ಅದು ನನಗೊಬ್ಬಳಿಗೇ ಹಿಡಿಸಿತು.

ಕೊನೆಗೆ ಲೆಕ್ಸಿಂಗ್ಟನ್ ದಾರಿ ಹಿಡಿದೆ. 1 ಕಪ್ ಆಪಲ್ ಸೈಡರ್ ವಿನೆಗರ್, ಕಾಲು ಕಪ್ ಕೆಚಪ್, 2 ಚಮಚ ಬೆಲ್ಲದ ಪುಡಿ, ಉಪ್ಪು, ಒಂದೂವರೆ ಚಮಚ ಬ್ಯಾಡಗಿ ಮೆಣಸಿನ ಪುಡಿ. ಬ್ಯಾಡಗಿ ಅಂದರೆ ಖಾರ ಕಡಿಮೆ, ಬಣ್ಣ ಜಾಸ್ತಿ, ಅಲ್ವಾ? ಅದೇ ಬೇಕಿತ್ತು. ಸಣ್ಣ ಉರಿಯಲ್ಲಿ 10 ನಿಮಿಷ ಕುದಿಸಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟೆ. ಬಿಸಿ ಇದ್ದಾಗ ವಿನೆಗರ್ ಘಾಟು ಮೂಗಿಗೆ ಹೊಡೆಯುತ್ತಿತ್ತು. ಬೆಳಗ್ಗೆ ನೋಡಿದರೆ ಹುಳಿ, ಸಿಹಿ, ಖಾರ ಹದವಾಗಿ ಕೂಡಿಕೊಂಡಿದ್ದವು.

ಕರಕಲಿಗೆ ಕಾರಣ ಸಾಸ್‌ನ ಸಕ್ಕರೆ. ಮೊದಲೇ ಹಚ್ಚುತ್ತಿದ್ದದ್ದೇ ತಪ್ಪು. ಈಗ ಚಿಕನ್ ಬೇಯಲು ಇನ್ನು 10 ನಿಮಿಷ ಇದೆ ಅನ್ನುವಾಗ ಮಾತ್ರ ಬ್ರಷ್‌ನಲ್ಲಿ ಸವರುತ್ತೇನೆ. ಅಂಚು ಅಂಟಂಟಾಗಿ ಹೊಳೆಯುತ್ತದೆ, ಕಪ್ಪಾಗುವುದಿಲ್ಲ. ಬೇರೆ ತೆಗೆದಿಟ್ಟಿದ್ದ ಸಾಸ್ ಅನ್ನು ಮಗ ಜೋಳದ ತೆನೆಗೆ ಹಚ್ಚಿಕೊಂಡು ಖಾಲಿ ಮಾಡಿದ. ಮುಂದಿನ ವಾರ ಪನೀರ್‌ಗೆ ಹಚ್ಚಿ ನೋಡುತ್ತೇನೆ.