ಗಿಟಾರಿನಲ್ಲಿ ಸಿ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದರೆ ಎರಡು ತಂತಿ ನುಡಿಯುತ್ತಿಲ್ಲ, ಏನು ಮಾಡೋದು?

ಮಂಡ್ಯದ ವೀಣೆ:
ಎಲ್ಲರಿಗೂ ನಮಸ್ಕಾರ. ವೀಣೆಯಲ್ಲಿ ವರ್ಣದವರೆಗೆ ಆಗಿದೆ, ಈಗ ಅಕೌಸ್ಟಿಕ್ ಗಿಟಾರ್ ಶುರು ಮಾಡಿದ್ದೇನೆ. ಇ, ಎ ಮೇಜರ್ ಪರವಾಗಿಲ್ಲ. ಸಿ ಹಿಡಿದರೆ ಒಂದನೇ ತಂತಿ (ಎಲ್ಲಕ್ಕಿಂತ ಕೆಳಗಿನ ತೆಳು ತಂತಿ), ಮೂರನೇ ತಂತಿ ನುಡಿಯೋದೇ ಇಲ್ಲ. ಇನ್ನೊಂದು ತೊಂದರೆ: ಇ ಕಾರ್ಡ್ ಇಂಪಾಗಿ ಕೇಳೋ ಹಾಗೆ ಶ್ರುತಿ ಮಾಡಿಕೊಂಡರೆ ಸಿ, ಜಿ ಎರಡೂ ಅಪಶ್ರುತಿ. ತಂತಿ ಬದಲಾಯಿಸಬೇಕಾ?

ಆರು ತಂತಿ, ಮೈಸೂರು:
ತಂತಿ ಬದಲಾಯಿಸಬೇಡಿ, ಬೆರಳು ಮಲಗ್ತಿದೆ ಅಷ್ಟೆ. ಸಿ ಕಾರ್ಡಿನಲ್ಲಿ ಉಂಗುರದ ಬೆರಳು ಐದನೇ ತಂತಿಯ ಮೂರನೇ ಫ್ರೆಟ್ (ಕುತ್ತಿಗೆಯ ಮೇಲಿನ ಲೋಹದ ಕಂಬಿಗಳ ನಡುವಿನ ಮನೆ), ಮಧ್ಯದ ಬೆರಳು ನಾಲ್ಕನೇ ತಂತಿಯ ಎರಡನೇ ಫ್ರೆಟ್, ತೋರುಬೆರಳು ಎರಡನೇ ತಂತಿಯ ಒಂದನೇ ಫ್ರೆಟ್. ಮಧ್ಯದ ಬೆರಳು ವಾಲಿದರೆ ಮೂರನೇ ತಂತಿಗೆ ತಾಗುತ್ತೆ, ತೋರುಬೆರಳು ವಾಲಿದರೆ ಒಂದನೆಯದಕ್ಕೆ. ಬೆರಳ ತುದಿ ನೆಟ್ಟಗೆ ನಿಲ್ಲಬೇಕು. ಅದಕ್ಕೆ ಹೆಬ್ಬೆರಳನ್ನು ಕುತ್ತಿಗೆಯ ಹಿಂದೆ ನಡುಮಧ್ಯಕ್ಕೆ ಇಳಿಸಿ, ಅಂಗೈ ಮರಕ್ಕೆ ಅಂಟದ ಹಾಗೆ ನೋಡಿಕೊಳ್ಳಿ. ಎಡಗೈ ಉಗುರು ಗಿಡ್ಡಕ್ಕೆ ಕತ್ತರಿಸಿರಬೇಕು. ಆಮೇಲೆ ಐದನೇ ತಂತಿಯಿಂದ ಕೆಳಕ್ಕೆ ಒಂದೊಂದೇ ಮೀಟಿ ನೋಡಿ. ಆರನೆಯದನ್ನು ಮೀಟಬೇಡಿ.

ವೀಣೆಯವರಿಗೆ ಇನ್ನೊಂದು ಮಾತು. ಗಮಕದ ರೂಢಿಯಲ್ಲಿ ಬೆರಳು ತಂತಿಯನ್ನು ಗೊತ್ತಿಲ್ಲದೆ ಪಕ್ಕಕ್ಕೆ ಎಳೆಯುತ್ತೆ. ಇಲ್ಲಿ ಒಂದು ತಂತಿ ಕೂದಲೆಳೆಯಷ್ಟು ಎಳೆದರೂ ಇಡೀ ಕಾರ್ಡ್ ಕೆಡುತ್ತೆ. ಫ್ರೆಟ್ಟಿನ ಕಂಬಿಗೆ ಒತ್ತಿಕೊಂಡ ಹಾಗೆ, ಅದರ ಹಿಂದೆಯೇ, ನೇರ ಒತ್ತಿ. ಕಂಬಿಯಿಂದ ದೂರ ಹೋದಷ್ಟೂ ಜಾಸ್ತಿ ಬಲ ಬೇಕು, ಜೊತೆಗೆ ಝರ್ ಅನ್ನುತ್ತೆ.

ಶ್ರುತಿಪೆಟ್ಟಿಗೆ:
ಶ್ರುತಿಯ ವಿಷಯ ನಾನು ಹೇಳ್ತೀನಿ. ಮೇಜರ್ ಕಾರ್ಡ್ ಅಂದರೆ ಷಡ್ಜ, ಅಂತರ ಗಾಂಧಾರ, ಪಂಚಮ ಒಟ್ಟಿಗೆ. ನಿಮ್ಮ ಕಿವಿಗೆ ಹಿತವಾದ ಶುದ್ಧ ಅಂತರ ಗಾಂಧಾರ ಷಡ್ಜದಿಂದ ಸುಮಾರು 386 ಸೆಂಟ್ಸ್ (ಸ್ವರಗಳ ಅಂತರದ ಅಳತೆ, ಇಡೀ ಸಪ್ತಕ 1200) ಮೇಲಿರುತ್ತೆ. ಗಿಟಾರಿನ ಫ್ರೆಟ್ಟುಗಳು ಸಪ್ತಕವನ್ನು 12 ಸಮಪಾಲು ಮಾಡಿರೋದರಿಂದ ಅದರ ಗಾಂಧಾರ 400. ಇ ಕಾರ್ಡಿನ ಗಾಂಧಾರ ಮೂರನೇ ತಂತಿಯಲ್ಲಿದೆ. ಅದು ಇಂಪಾಗಲಿ ಅಂತ ಆ ತಂತಿಯನ್ನು ಇಳಿಸ್ತೀರಿ. ಅದೇ ತಂತಿ ಬೆರಳಿಡದೆ ಬಿಟ್ಟು ಮೀಟಿದಾಗ ಜಿ ಕಾರ್ಡಿಗೆ ಷಡ್ಜ, ಸಿ ಕಾರ್ಡಿಗೆ ಪಂಚಮ, ಎರಡೂ ಇಳಿದುಹೋಗುತ್ತವೆ. ಕಾರ್ಡ್ ಹಿಡಿದು ಶ್ರುತಿ ಮಾಡಲೇಬೇಡಿ. ಬಿಟ್ಟ ತಂತಿಗಳನ್ನು ಟ್ಯೂನರಿಗೆ (ಶ್ರುತಿ ತೋರಿಸುವ ಸಾಧನ) ಸೇರಿಸಿ ಸುಮ್ಮನಾಗಿ. ಗಾಂಧಾರ ಚೂರು ಚುರುಕು ಅನ್ನಿಸುತ್ತೆ, ಅದು ವಾದ್ಯದ ಸ್ವಭಾವ.

ಮಂಡ್ಯದ ವೀಣೆ:
ತುಂಬಾ ಉಪಕಾರ ಆಯ್ತು! ಒಂದನೇ ತಂತಿ ಆಗಲೇ ನುಡೀತಿದೆ. ಕಾರ್ಡ್ ಬದಲಾಯಿಸುವಾಗ ತಾಳ ತಪ್ಪುತ್ತಲ್ಲ, ಅದಕ್ಕೆ? ಎಫ್ ಕಾರ್ಡ್ ಯಾವಾಗ ಶುರು ಮಾಡಲಿ?

ಆರು ತಂತಿ, ಮೈಸೂರು:
ಬೆರಳು ಪೂರ್ತಿ ಎತ್ತಬೇಡಿ. ಎ ಮೇಜರನ್ನು ಎರಡನೇ ಫ್ರೆಟ್ಟಿನಲ್ಲಿ ಹೀಗೆ ಹಿಡಿಯಿರಿ: ನಾಲ್ಕನೇ ತಂತಿಗೆ ಮಧ್ಯದ ಬೆರಳು, ಮೂರಕ್ಕೆ ತೋರುಬೆರಳು, ಎರಡಕ್ಕೆ ಉಂಗುರದ್ದು. ಡಿ ಕಾರ್ಡಿಗೆ ಹೋಗುವಾಗ ತೋರುಬೆರಳು ಇದ್ದಲ್ಲೇ ಇರುತ್ತೆ, ಇ ಕಾರ್ಡಿಗೆ ಬರುವಾಗ ಒಂದು ಫ್ರೆಟ್ ಹಿಂದಕ್ಕೆ ಜಾರುತ್ತೆ. ಜಿಯನ್ನು ಉಂಗುರ, ಮಧ್ಯ, ಕಿರುಬೆರಳಲ್ಲಿ ಹಿಡಿದರೆ ಸಿ ಕಾರ್ಡಿಗೆ ಮೊದಲೆರಡೂ ಜೋಡಿಯಾಗಿ ಒಂದೊಂದು ತಂತಿ ಕೆಳಕ್ಕೆ ಇಳಿದರೆ ಸಾಕು. ಮೆಟ್ರೊನೋಮ್ (ತಾಳದ ಏಟು ಹಾಕುವ ಯಂತ್ರ) ನಿಮಿಷಕ್ಕೆ 60 ಏಟಿಗಿಟ್ಟು, ನಾಲ್ಕು ಏಟಿಗೆ ಒಂದೇ ಮೀಟು. ಕೈ ತಡವಾದರೂ ತಾಳ ನಿಲ್ಲಿಸಬೇಡಿ.

ಎಫ್ ಈಗಲೇ ಪೂರ್ತಿ ಬೇಡ. ಕೆಳಗಿನ ನಾಲ್ಕೇ ತಂತಿಯ ಎಫ್ ಸಾಕು: ತೋರುಬೆರಳು ಒಂದನೇ ಫ್ರೆಟ್ಟಿನಲ್ಲಿ ಒಂದು, ಎರಡನೇ ತಂತಿಯ ಮೇಲೆ ಅಡ್ಡಲಾಗಿ, ಮಧ್ಯದ್ದು ಮೂರನೇ ತಂತಿಯ ಎರಡರಲ್ಲಿ, ಉಂಗುರದ್ದು ನಾಲ್ಕನೇ ತಂತಿಯ ಮೂರರಲ್ಲಿ. ಅದೂ ಕಲ್ಲು ಒತ್ತಿದ ಹಾಗಿದ್ದರೆ ಒಂದು ಪರೀಕ್ಷೆ ಮಾಡಿ. ಯಾವುದಾದರೂ ತಂತಿಯನ್ನು ಮೂರನೇ ಫ್ರೆಟ್ಟಿನಲ್ಲಿ ಒತ್ತಿ, ಒಂದನೇ ಫ್ರೆಟ್ಟಿನ ಕಂಬಿಗೂ ತಂತಿಗೂ ನಡುವಿನ ಸಂದು ನೋಡಿ. ಕಂಡೂ ಕಾಣದಷ್ಟಿರಬೇಕು. ಕಣ್ಣಿಗೆ ಸಲೀಸಾಗಿ ಬಿದ್ದರೆ ತಲೆಯ ಕಡೆಯ ಬಿಳಿ ಪಟ್ಟಿ, ಅದೇ ನಟ್ಟು, ಎತ್ತರ ಇದೆ ಅಂತ ಅರ್ಥ. ರಿಪೇರಿಯವರ ಹತ್ತಿರ ಅದರಲ್ಲಿ ತಂತಿ ಕೂರುವ ಕಚ್ಚುಗಳನ್ನು ಉಜ್ಜಿಸಿ. ನೀವೇ ಉಜ್ಜಬೇಡಿ, ಒಂದು ಉಜ್ಜು ಜಾಸ್ತಿಯಾದರೆ ಬಿಟ್ಟ ತಂತಿ ಝರ್ ಅನ್ನುತ್ತೆ.